ಮೆಣಸಿನಕಾಯಿ ಘಾಟು, ನಗರಸಭೆ ನೋಟಿಸು: ನಮ್ಮ ಅತ್ತಿಗೆಯ ಮನೆ ಉದ್ದಿಮೆಯ ಪ್ರಕರಣ

2023ರ ನವೆಂಬರ್‌ನಲ್ಲಿ ಒಂದು ಗುರುವಾರ ಮಧ್ಯಾಹ್ನ ಅತ್ತಿಗೆ ಫೋನ್ ಮಾಡಿದರು. ದನಿ ನಡುಗುತ್ತಿತ್ತು. "ನಗರಸಭೆಯಿಂದ ಬಂದಿದ್ರು ಕಣೋ. ಕಾಗದ ಕೊಟ್ಟು ಸೈನ್ ಹಾಕಿಸ್ಕೊಂಡು ಹೋದ್ರು. ಏಳು ದಿನದಲ್ಲಿ ಉತ್ತರ ಕೊಡ್ಬೇಕಂತೆ, ಇಲ್ಲಾಂದ್ರೆ ಬೀಗ ಹಾಕ್ತಾರಂತೆ."

ಅವರು ಮನೆಯಲ್ಲೇ ಚಕ್ಲಿ, ಕೋಡುಬಳೆ, ನಿಪ್ಪಟ್ಟು, ಸಾರಿನ ಪುಡಿ, ಹುಳಿಪುಡಿ ಮಾಡಿ ಮಾರುತ್ತಾರೆ. ಊರು ಹಳೇ ಮೈಸೂರು ಕಡೆಯ ಒಂದು ಪಟ್ಟಣ. ಹೆಸರು ಹಾಕುವುದಿಲ್ಲ, ಯಾಕೆಂದರೆ ಆ ಕಚೇರಿಯವರೂ ಆ ಬೀದಿಯವರೂ ಈಗಲೂ ಅಲ್ಲೇ ಇದ್ದಾರೆ. ಆ ಗುರುವಾರದಿಂದ ಮುಂದಿನ ನಾಲ್ಕು ತಿಂಗಳಲ್ಲಿ ಏನೇನಾಯಿತು ಅಂತ ಪೂರ್ತಿ ಬರೆಯುತ್ತಿದ್ದೇನೆ. ಮನೆಯಿಂದ ಟಿಫಿನ್ ಕಳಿಸುವವರು, ಕೇಕ್ ಮಾಡುವವರು, ಉಪ್ಪಿನಕಾಯಿ ಹಾಕುವವರು ಈ ವಿಷಯ ಕೇಳುತ್ತಲೇ ಇರುತ್ತಾರೆ, ನಾನು ಪ್ರತಿಸಲ ಅರ್ಧ ಹೇಳಿ ಅರ್ಧ ಮರೆಯುತ್ತೇನೆ.

ಮೊದಲು ಹಿನ್ನೆಲೆ. 2020ರ ಲಾಕ್‌ಡೌನ್‌ನಲ್ಲಿ ಅಣ್ಣನಿಗೆ ಅರ್ಧ ಸಂಬಳ ಆಯಿತು. ಅತ್ತಿಗೆ ಪರಿಚಯದವರಿಗೆ ಎರಡು ಕೆಜಿ ಚಕ್ಲಿ ಮಾಡಿಕೊಟ್ಟರು. ಅದು ವಾಟ್ಸಾಪ್‌ನಲ್ಲಿ ಬಾಯಿಂದ ಬಾಯಿಗೆ ಹೋಯಿತು. ವರ್ಷ ತುಂಬುವಷ್ಟರಲ್ಲಿ ವಾರಕ್ಕೆ ನಲವತ್ತು ಕೆಜಿ. 2021ರಲ್ಲಿ ಯಾರೋ ಹೇಳಿದರು ಅಂತ ಎಫ್‌ಎಸ್‌ಎಸ್‌ಎಐ (ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ) ನೋಂದಣಿ ಮಾಡಿಸಿದರು. ಆಗ ವರ್ಷದ ವಹಿವಾಟು 12 ಲಕ್ಷದ ಒಳಗಿದ್ದರೆ ಸಣ್ಣ ಆಹಾರ ಉದ್ದಿಮೆದಾರರು ಅಂತ ನೋಂದಣಿ ಸಾಕಿತ್ತು, ವರ್ಷಕ್ಕೆ 100 ರೂಪಾಯಿ ಇತ್ತು, ಆನ್‌ಲೈನ್‌ನಲ್ಲೇ ಹಾಕಬಹುದಿತ್ತು. 14 ಅಂಕಿಯ ನಂಬರ್ ಬಂತು. ಅದನ್ನು ಲೇಬಲ್ ಮೇಲೆ ಅಚ್ಚು ಹಾಕಿಸಿದರು. ಅಲ್ಲಿಗೆ ಎಲ್ಲ ಸರಿಯಾಯಿತು ಅಂದುಕೊಂಡರು.

ಈ ಪ್ರಕರಣದ ಬುಡ ಇರುವುದೇ ಇಲ್ಲಿ. ಆ 14 ಅಂಕಿ 2006ರ ಆಹಾರ ಸುರಕ್ಷತಾ ಕಾಯ್ದೆಗೆ ಸಂಬಂಧಿಸಿದ್ದು. ತಿನ್ನುವವರಿಗೆ ತೊಂದರೆ ಆಗಬಾರದು ಅನ್ನುವುದಷ್ಟೇ ಅದರ ಚಿಂತೆ. ನಗರಸಭೆಯ ಪ್ರಶ್ನೆಯೇ ಬೇರೆ: ಈ ಜಾಗದಲ್ಲಿ, ಈ ಬೀದಿಯಲ್ಲಿ, ಈ ಕೆಲಸ ನಡೆಯಬಹುದಾ? ಅದಕ್ಕೆ ಬೇಕಾದದ್ದು ಉದ್ದಿಮೆ ಪರವಾನಗಿ. ನಮ್ಮ ಕಡೆ ಜನ ಟ್ರೇಡ್ ಲೈಸೆನ್ಸ್ ಅಂತಲೇ ಕರೆಯುತ್ತಾರೆ. ನಗರಸಭೆ, ಪುರಸಭೆಗಳು 1964ರ ಕರ್ನಾಟಕ ಪುರಸಭೆಗಳ ಕಾಯ್ದೆಯ ಕೆಳಗೆ, ಬೆಂಗಳೂರು ಬಿಟ್ಟು ಉಳಿದ ಮಹಾನಗರ ಪಾಲಿಕೆಗಳು 1976ರ ಕಾಯ್ದೆಯ ಕೆಳಗೆ ಇದನ್ನು ಕೊಡುತ್ತವೆ. ಒಂದು ಇದ್ದರೆ ಇನ್ನೊಂದು ಇದ್ದಂತಲ್ಲ. ಅತ್ತಿಗೆಗೆ ಇದನ್ನು ಯಾರೂ ಹೇಳಿರಲಿಲ್ಲ. ಲೇಬಲ್ ಪ್ರಿಂಟ್ ಹಾಕಿಕೊಟ್ಟವರೂ ಹೇಳಲಿಲ್ಲ, ಸರಕು ಕೊಳ್ಳುತ್ತಿದ್ದ ಅಂಗಡಿಯವರೂ ಹೇಳಲಿಲ್ಲ. ನನಗೂ ಗೊತ್ತಿರಲಿಲ್ಲ.

ಶನಿವಾರ ನಾನು ಊರಿಗೆ ಹೋದೆ. ಅಷ್ಟರಲ್ಲಿ ಅಣ್ಣ ಎರಡು ಕಡೆ ಓಡಾಡಿ ಬಂದಿದ್ದ. ಮೊದಲು ವಾರ್ಡಿನ ಸದಸ್ಯರ ಮನೆ. ಅವರು "ನೋಡೋಣ ಬಿಡಿ" ಅಂದಿದ್ದರು. ಆಮೇಲೆ ಕಚೇರಿ ಎದುರಿನ ಜೆರಾಕ್ಸ್ ಅಂಗಡಿ. ಅಲ್ಲಿ ಕೂತಿದ್ದ ಒಬ್ಬರು, ಹತ್ತು ಸಾವಿರ ಕೊಟ್ಟರೆ ಫೈಲ್ ಕ್ಲೋಸ್ ಮಾಡಿಸಿಕೊಡುತ್ತೇನೆ ಅಂದಿದ್ದರಂತೆ. ಅಣ್ಣ ಕೊಡುವವನೇ ಇದ್ದ. ನಾನು ಕೇಳಿದ್ದು ಒಂದೇ ಪ್ರಶ್ನೆ: ನೋಟಿಸ್ ಪೂರ್ತಿ ಓದಿದ್ಯಾ? ಓದಿರಲಿಲ್ಲ. ಭಯಕ್ಕೆ ಯಾರೂ ಓದಿರಲಿಲ್ಲ, ದೇವರ ಮನೆಯ ಗೂಡಿನಲ್ಲಿ ಇಟ್ಟಿದ್ದರು.

ಒಂದೂವರೆ ಪುಟದ ನೋಟಿಸ್ ಅದು. ಅದರಲ್ಲಿ ಬೀಗ ಅನ್ನುವ ಪದ ಎಲ್ಲೂ ಇರಲಿಲ್ಲ. ಮೂರು ವಿಷಯ ಇತ್ತು. ಉದ್ದಿಮೆ ಪರವಾನಗಿ ಇಲ್ಲದೆ ಕುರುಕಲು ತಿಂಡಿ ಮತ್ತು ಮಸಾಲೆ ಪುಡಿ ತಯಾರಿಕೆ ನಡೆಸುತ್ತಿದ್ದೀರಿ. ಕರಿದ ಎಣ್ಣೆಯನ್ನೂ ತೊಳೆದ ನೀರನ್ನೂ ಒಳಚರಂಡಿಗೆ ಬಿಟ್ಟಿದ್ದರಿಂದ ಛೇಂಬರ್ ಕಟ್ಟಿಕೊಂಡಿದೆ. ಹುರಿಯುವ ಘಾಟು ಮತ್ತು ಪುಡಿ ಮಾಡುವ ಮಷೀನಿನ ಸದ್ದಿನಿಂದ ಅಕ್ಕಪಕ್ಕದವರಿಗೆ ತೊಂದರೆ ಅಂತ ದೂರು ಬಂದಿದೆ. ಏಳು ದಿನದೊಳಗೆ ಸಮಜಾಯಿಷಿ ಕೊಡಿ, ತಪ್ಪಿದಲ್ಲಿ ನಿಯಮಾನುಸಾರ ಕ್ರಮ. ಇಷ್ಟೇ. ಸಮಜಾಯಿಷಿ ಕೊಡಿ ಅಂದರೆ ನಿಮ್ಮ ಮಾತು ಹೇಳಿ ಅಂತ. ಅದು ಬೈಗುಳ ಅಲ್ಲ, ಅವಕಾಶ.

ಮೂರರಲ್ಲಿ ಎರಡು ನಿಜವಾಗಿ ನಮ್ಮ ತಪ್ಪೇ ಆಗಿತ್ತು. ಹಿತ್ತಲಿಗೆ ಹೋಗಿ ಛೇಂಬರ್ ಮುಚ್ಚಳ ತೆಗೆಸಿ ನೋಡಿದೆ. ಒಳಗೆ ಎಣ್ಣೆ ಹೆಪ್ಪುಗಟ್ಟಿ ಬಿಳಿ ಮೇಣದ ಹಾಗೆ ಪೈಪಿನ ಬಾಯಿಗೆ ಮೆತ್ತಿಕೊಂಡಿತ್ತು. ನಡುವೆ ಕಡ್ಡಿ ತೂರುವಷ್ಟು ತೂತು. ಅತ್ತಿಗೆ ಅದನ್ನು ನೋಡಿ ಸುಮ್ಮನೆ ನಿಂತರು. ಬಾಣಲೆ ತೊಳೆದ ನೀರನ್ನು ಬಚ್ಚಲಿಗೆ ಚೆಲ್ಲುವುದು ಎಲ್ಲ ಮನೆಯಲ್ಲೂ ಮಾಡುವ ಕೆಲಸ, ಆದರೆ ದಿನಕ್ಕೆ ಒಂದು ಬಾಣಲೆ ಬೇರೆ, ಎಂಟು ಬಾಣಲೆ ಬೇರೆ.

ಇನ್ನು ದೂರು. ದೂರು ಕೊಟ್ಟವರು ಪಕ್ಕದ ಮನೆಯ ನಿವೃತ್ತ ಮೇಷ್ಟ್ರು ಅಂತ ಎಲ್ಲರಿಗೂ ಗೊತ್ತಿತ್ತು. ನನಗೆ ಅವರ ಮೇಲೆ ವಿಪರೀತ ಸಿಟ್ಟಿತ್ತು. ಇಷ್ಟು ವರ್ಷದ ಪರಿಚಯ, ಬಂದು ಹೇಳಬಾರದಿತ್ತಾ ಅಂತ. ಅತ್ತಿಗೆ ಬಾಯಿಬಿಟ್ಟರು: ಅವರು ಎರಡು ಸಲ ಬಂದು ಹೇಳಿದ್ದರು. ಅಣ್ಣ "ಆಯ್ತು ಮೇಷ್ಟ್ರೇ" ಅಂದು ಕಳಿಸಿದ್ದ.

ಭಾನುವಾರ ಬೆಳಿಗ್ಗೆ ಅತ್ತಿಗೆ, ನಾನು ಇಬ್ಬರೇ ಅವರ ಮನೆಗೆ ಹೋದೆವು. ಅಣ್ಣನನ್ನು ಬೇಕಂತಲೇ ಕರೆದುಕೊಂಡು ಹೋಗಲಿಲ್ಲ. ಮೇಷ್ಟ್ರು ಕೂರಿಸಿ ಕಾಫಿ ಕೊಟ್ಟರು. ಮೇಜಿನ ಮೇಲೆ ಇನ್‌ಹೇಲರ್ ಇತ್ತು. "ನೋಡಮ್ಮಾ, ನೀನು ದುಡಿಯೋದು ಬೇಡ ಅಂತ ನಾನು ಯಾವತ್ತೂ ಹೇಳಲ್ಲ. ಆದ್ರೆ ಮಂಗಳವಾರ ನೀನು ಮೆಣಸಿನಕಾಯಿ ಹುರಿಯೋಕೆ ಶುರು ಮಾಡಿದ್ರೆ ನಾನು ಬಚ್ಚಲುಮನೆಗೆ ಹೋಗಿ, ಬಾಗಿಲ ಸಂದಿಗೆ ಒದ್ದೆ ಟವೆಲ್ ಇಟ್ಕೊಂಡು ಕೂತ್ಕೋತೀನಿ. ಒಂದು ಗಂಟೆ. ಈ ವಯಸ್ಸಿಗೆ ಅದು ಆಗಲ್ಲಮ್ಮ" ಅಂದರು. ಅತ್ತಿಗೆ ಕಣ್ಣಲ್ಲಿ ನೀರು ಬಂತು. ಹದಿನೈದು ಕೆಜಿ ಬ್ಯಾಡಗಿ ಮೆಣಸಿನಕಾಯಿಯನ್ನು ಶೀಟ್ ಹಾಕಿದ ಹಿತ್ತಲಲ್ಲಿ ಹುರಿದರೆ ಆ ಘಾಟು ಹೋಗುವುದು ಎಲ್ಲಿಗೆ, ನೇರ ಅವರ ಕಿಟಕಿಗೆ. ನಮಗೆ ಅದು ಕೆಲಸದ ವಾಸನೆ, ಅವರಿಗೆ ಉಸಿರು ಕಟ್ಟುವ ಹೊಗೆ.

ಅಲ್ಲೇ ಕೂತು ಅತ್ತಿಗೆ ಹೇಳಿದರು, ಇನ್ನು ಮೇಲೆ ಮನೆಯಲ್ಲಿ ಮೆಣಸಿನಕಾಯಿ ಹುರಿಯುವುದಿಲ್ಲ, ಮಷೀನೂ ತೆಗೆಯುತ್ತೇವೆ. ನನ್ನ ಜೊತೆ ಮಾತಾಡಿಕೊಂಡು ಹೇಳಿದ್ದಲ್ಲ, ಅವರೇ ಹೇಳಿದ್ದು. ಪುಡಿ ಕೆಲಸದ ಲಾಭವೇ ಜಾಸ್ತಿ ಇತ್ತು, ಆದರೂ ಹೇಳಿದರು. ಈ ಇಡೀ ಪ್ರಕರಣದಲ್ಲಿ ಅತಿ ಸರಿಯಾದ ನಿರ್ಧಾರ ಅದೇ ಅಂತ ನಾನು ಈಗಲೂ ನಂಬುತ್ತೇನೆ. ನಗರಸಭೆಯವರು ಬೀದಿ ಬೀದಿ ಸುತ್ತಿ ಮನೆ ಉದ್ದಿಮೆ ಹುಡುಕಿಕೊಂಡು ಬರುವುದು ಅಪರೂಪ. ಯಾರೋ ಒಬ್ಬರಿಗೆ ತಡೆಯಲಾರದಷ್ಟು ಆದಾಗ ಬರುತ್ತಾರೆ. ಹಾಗಾಗಿ ಕಚೇರಿಗೆ ಮುಂಚೆ ಪಕ್ಕದ ಮನೆಗೆ ಹೋಗಬೇಕು, ದೂರು ವಾಪಸ್ ತಗೊಳ್ಳಿ ಅಂತ ಕೇಳೋದಕ್ಕಲ್ಲ, ನಿಮಗೆ ಏನು ತೊಂದರೆ ಆಗ್ತಿದೆ ಅಂತ ಕೇಳೋದಕ್ಕೆ.

ಸೋಮವಾರ ಉತ್ತರ ಬರೆದೆವು. ಕೈಬರಹದಲ್ಲೇ, ಪೌರಾಯುಕ್ತರಿಗೆ. ವಕೀಲರ ಭಾಷೆ ಹಾಕಲಿಲ್ಲ. ತಮ್ಮ ಇಂಥ ದಿನಾಂಕದ ನೋಟಿಸ್ ತಲುಪಿದೆ. ಪರವಾನಗಿ ಬೇಕು ಅಂತ ತಿಳಿದಿರಲಿಲ್ಲ, ಅರ್ಜಿ ಹಾಕುತ್ತಿದ್ದೇವೆ. ಛೇಂಬರ್ ನಮ್ಮ ಖರ್ಚಿನಲ್ಲಿ ಕ್ಲೀನ್ ಮಾಡಿಸಿದ್ದೇವೆ, ಎಣ್ಣೆ ಇನ್ನು ಚರಂಡಿಗೆ ಬಿಡುವುದಿಲ್ಲ. ಮೆಣಸಿನಕಾಯಿ ಹುರಿಯುವುದನ್ನೂ ಪುಡಿ ಮಾಡುವುದನ್ನೂ ಈ ಜಾಗದಲ್ಲಿ ನಿಲ್ಲಿಸಿದ್ದೇವೆ. ತಾವು ಬಂದು ನೋಡಬಹುದು. ಜೊತೆಗೆ ಛೇಂಬರಿನ ಎರಡು ಫೋಟೋ, ಎಫ್‌ಎಸ್‌ಎಸ್‌ಎಐ ಪ್ರತಿ. ಎರಡು ಪ್ರತಿ ತೆಗೆದುಕೊಂಡು ಹೋಗಿ ಕಚೇರಿಯ ಟಪಾಲು ವಿಭಾಗದಲ್ಲಿ ಕೊಟ್ಟು, ನಮ್ಮ ಪ್ರತಿ ಮೇಲೆ ಸೀಲು ಹಾಕಿಸಿಕೊಂಡೆವು. ಸೀಲು ಇಲ್ಲದ ಕಾಗದ ಕೊಟ್ಟಂತಲ್ಲ, ಇದನ್ನು ದಯವಿಟ್ಟು ಮರೆಯಬೇಡಿ. ಮುಂದೆ ಒಂದು ಸಲ ನಿಮ್ಮ ಉತ್ತರವೇ ಬಂದಿಲ್ಲ ಅಂದಾಗ ಆ ಸೀಲು ನಮ್ಮನ್ನು ಉಳಿಸಿತು.

ಪರವಾನಗಿ ಅರ್ಜಿಗೆ ಕೇಳಿದ ಕಾಗದ ಜಾಸ್ತಿ ಏನಲ್ಲ. ಗುರುತಿನ ಚೀಟಿ, ಆಸ್ತಿ ತೆರಿಗೆ ಕಟ್ಟಿದ ರಶೀದಿ, ಜಾಗದ ಮಾಲೀಕರ ಒಪ್ಪಿಗೆ, ಎಷ್ಟು ಜಾಗ ಅನ್ನುವ ಒಂದು ಸಣ್ಣ ನಕ್ಷೆ. ಸಿಕ್ಕಿಹಾಕಿಕೊಂಡಿದ್ದು ಮಾಲೀಕರ ಒಪ್ಪಿಗೆಯಲ್ಲಿ. ಅಪ್ಪ ತೀರಿಕೊಂಡಿದ್ದು 2019ರಲ್ಲಿ, ಮನೆ ಖಾತೆ ಇನ್ನೂ ಅವರ ಹೆಸರಲ್ಲೇ ಇತ್ತು. ತೆರಿಗೆ ಕಟ್ಟುತ್ತಿದ್ದೆವು, ರಶೀದಿ ಅವರ ಹೆಸರಲ್ಲೇ ಬರುತ್ತಿತ್ತು, ಯಾರಿಗೂ ಅದು ತೊಂದರೆ ಅನ್ನಿಸಿರಲಿಲ್ಲ. ಈಗ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ಯಾರು? ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ, ಮಾಡಿಸಬೇಕಾಯಿತು. ಮರಣ ಪ್ರಮಾಣ ಪತ್ರ, ವಂಶವೃಕ್ಷ, ಅಮ್ಮ, ಅಣ್ಣ, ನಾನು, ತಂಗಿ ನಾಲ್ಕೂ ಜನರ ಒಪ್ಪಿಗೆ. ತಂಗಿ ಇರುವುದು ಹುಬ್ಬಳ್ಳಿಯಲ್ಲಿ, ಅವಳು ಎರಡು ಸಲ ಬಂದು ಹೋದಳು. ವಂಶವೃಕ್ಷದಲ್ಲಿ ಅಮ್ಮನ ಹೆಸರಿನ ಮುಂದೆ ಇನಿಷಿಯಲ್ ಒಂದು ತಪ್ಪಾಗಿ, ಅದನ್ನು ತಿದ್ದಿಸಲು ಮತ್ತೆ ನಾಡಕಚೇರಿ. ಡಿಸೆಂಬರ್ ಪೂರ್ತಿ ಇದರಲ್ಲೇ ಹೋಯಿತು. ಜನವರಿ ಎರಡನೇ ವಾರ ಅಮ್ಮನ ಹೆಸರಿಗೆ ಖಾತೆ ಆಯಿತು, ಅಮ್ಮ ಸೊಸೆಗೆ ಒಪ್ಪಿಗೆ ಪತ್ರ ಬರೆದುಕೊಟ್ಟರು. ಚಕ್ಲಿ ಮಾರಲು ಹೊರಟ ಮನೆ ಮೊದಲು ಆಸ್ತಿಯ ಕಾಗದ ಸರಿಮಾಡಿಕೊಳ್ಳಬೇಕಾಯಿತು. ಬಾಡಿಗೆ ಮನೆಯವರಿಗೂ ಇದೇ ಬಾಗಿಲು: ಓನರ್ ಸಹಿ ಹಾಕಬೇಕು. ಹಾಕಲು ಹಿಂಜರಿಯುತ್ತಾರೆ, ಯಾಕೆಂದರೆ ಉದ್ದಿಮೆಗೆ ಬಳಸುವ ಭಾಗಕ್ಕೆ ಆಸ್ತಿ ತೆರಿಗೆ ವಾಸದ ದರದಲ್ಲಿ ಅಲ್ಲ, ವಾಸೇತರ ದರದಲ್ಲಿ ಬೀಳುತ್ತದೆ. ಅದನ್ನು ಯಾರು ಕಟ್ಟುವುದು ಅಂತ ಮೊದಲೇ ಮಾತಾಡಿ ಕರಾರಿನಲ್ಲಿ ಬರೆಸಿದರೆ ಒಪ್ಪಿಸುವುದು ಸುಲಭ.

ಅರ್ಜಿ ಹಾಕಿದ ಮೇಲೆ ಸಕಾಲ ರಶೀದಿ ಕೇಳಿ ಪಡೆದೆವು. ಅದರಲ್ಲಿ ನಮ್ಮ ಅರ್ಜಿಗೆ ಕೊಟ್ಟ ಜಿಎಸ್‌ಸಿ ನಂಬರ್ ಇರುತ್ತದೆ. 2011ರ ಸಕಾಲ ಕಾಯ್ದೆ ಪ್ರಕಾರ ಪಟ್ಟಿಯಲ್ಲಿರುವ ಸೇವೆಗೆ ದಿನ ಗೊತ್ತುಮಾಡಿರುತ್ತಾರೆ, ತಡವಾದರೆ ಮೇಲ್ಮನವಿ ಹಾಕಬಹುದು, ದಿನಕ್ಕೆ 20 ರೂಪಾಯಿಯಂತೆ 500ರವರೆಗೆ ಪರಿಹಾರವೂ ಉಂಟು. ಹಣ ಮುಖ್ಯ ಅಲ್ಲ. ಆ ನಂಬರ್ ಇದ್ದರೆ ಫೈಲ್ ಎಲ್ಲಿದೆ ಅಂತ ನಾವು ಕೇಳುವ ರೀತಿಯೇ ಬೇರೆ ಆಗುತ್ತದೆ. ಆ ಜೆರಾಕ್ಸ್ ಅಂಗಡಿಯ ಹತ್ತು ಸಾವಿರ ನಮ್ಮಲ್ಲೇ ಉಳಿಯಿತು.

ಇದರ ಮಧ್ಯೆ ಇನ್ನೆರಡು ವಿಷಯ ನೋಟಿಸ್‌ನಲ್ಲಿ ಇರಲಿಲ್ಲ, ಆದರೂ ನಾನು ಹಟ ಹಿಡಿದೆ. ಒಂದು ಗ್ಯಾಸ್. ಹಿತ್ತಲಲ್ಲಿ ಎರಡು ಕೆಂಪು ಸಿಲಿಂಡರ್ ಇದ್ದವು, ಒಂದು ಅವರ ಕನೆಕ್ಷನ್, ಇನ್ನೊಂದು ಅಮ್ಮನದು. 14.2 ಕೆಜಿಯ ಮನೆ ಸಿಲಿಂಡರನ್ನು ಮಾರುವ ತಿಂಡಿ ಕರಿಯಲು ಬಳಸುವ ಹಾಗಿಲ್ಲ, ಅದಕ್ಕೆ 19 ಕೆಜಿಯ ಕಮರ್ಷಿಯಲ್ ಸಿಲಿಂಡರ್ ಬೇಕು. ಆಹಾರ ಇಲಾಖೆಯವರು ಬಂದರೆ ಸಿಲಿಂಡರ್ ಎತ್ತಿಕೊಂಡು ಹೋಗುತ್ತಾರೆ. ಅದಕ್ಕಿಂತ ಹೆಚ್ಚಾಗಿ, ಹೊಸಿಲು ದಾಟಿದರೆ ಮಕ್ಕಳು ಓದುವ ಕೋಣೆ, ಈಚೆ ಪ್ಲಾಸ್ಟಿಕ್ ಪೈಪಿನಲ್ಲಿ ದೊಡ್ಡ ಬರ್ನರ್. ನನಗೆ ರಾತ್ರಿ ನಿದ್ದೆ ಬರಲಿಲ್ಲ. ಕಮರ್ಷಿಯಲ್ ಕನೆಕ್ಷನ್ ತೆಗೆದುಕೊಂಡೆವು, ಏಜೆನ್ಸಿಯವರೇ ಪೈಪ್, ರೆಗ್ಯುಲೇಟರ್ ಹಾಕಿಕೊಟ್ಟರು. ಚಕ್ಲಿಯ ಬೆಲೆ ಕೆಜಿಗೆ 20 ರೂಪಾಯಿ ಏರಿಸಬೇಕಾಯಿತು. ಒಬ್ಬ ಗಿರಾಕಿಯೂ ಬಿಟ್ಟುಹೋಗಲಿಲ್ಲ.

ಎರಡನೆಯದು ಕರೆಂಟು. 2023ರ ಜುಲೈನಿಂದ ಗೃಹಜ್ಯೋತಿ ಬಂದಿತ್ತು, ಮನೆ ಬಿಲ್ ಸೊನ್ನೆ ಆಗಿತ್ತು. ಮೀಟರನ್ನು ಕಮರ್ಷಿಯಲ್‌ಗೆ ಬದಲಾಯಿಸಿದರೆ ಅದು ಹೋಗುತ್ತದೆ ಅನ್ನುವುದು ಅತ್ತಿಗೆಗೆ ನೋಟಿಸ್‌ಗಿಂತ ದೊಡ್ಡ ಭಯ. ವಿದ್ಯುತ್ ದರ ಗೊತ್ತುಮಾಡುವ ಕೆಇಆರ್‌ಸಿಯ ದರಪಟ್ಟಿಯಲ್ಲಿ ಒಂದು ಒಳ್ಳೆಯ ಸಂಗತಿ ಇದೆ, ಬಹಳ ಜನಕ್ಕೆ ಗೊತ್ತಿಲ್ಲ: ಮನೆಯ ಒಂದು ಭಾಗದಲ್ಲಿ ವಾಸ ಇರುವವರೇ ಹೊಲಿಗೆ, ಬ್ಯೂಟಿ ಪಾರ್ಲರ್, ಚಿನ್ನದ ಕೆಲಸ, ಜ್ಯೋತಿಷ್ಯ, ವಕೀಲಿಕೆ ಇಂಥದ್ದು ಮಾಡಿದರೆ ಅದಕ್ಕೆ ಮನೆ ದರವೇ ಅಂತ ವರ್ಷಗಳಿಂದ ಬರೆದಿಟ್ಟಿದ್ದಾರೆ. ಆದರೆ ಆ ಪಟ್ಟಿಯಲ್ಲಿ ತಿಂಡಿ ತಯಾರಿಕೆ ಇಲ್ಲ. ಟೈಲರಿಂಗ್ ಮಾಡುವ ಅಕ್ಕಂದಿರು ಮೀಟರ್ ಬಗ್ಗೆ ಹೆದರಬೇಕಾಗಿಲ್ಲ, ನಮ್ಮ ಅತ್ತಿಗೆಯಂಥವರು ಹೆದರಬೇಕು. ಕರೆಂಟಿನವರ ಸೆಕ್ಷನ್ ಆಫೀಸಿಗೆ ಹೋಗಿ ನೇರವಾಗಿ ಕೇಳಿದೆವು. ಹಿತ್ತಲಿನ ಶೆಡ್ಡಿಗೆ ಬೇರೆ ವೈರಿಂಗ್ ಮಾಡಿಸಿ ಬೇರೆ ಮೀಟರ್ ಹಾಕಿಸಿಕೊಳ್ಳಿ, ಮನೆ ಮೀಟರ್ ಹಾಗೇ ಇರಲಿ ಅಂದರು. ಡಿಪಾಸಿಟ್, ವೈರಿಂಗ್ ಎಲ್ಲ ಸೇರಿ 11,000 ಆಯಿತು. ಮಷೀನ್ ಹೋಗಿದ್ದರಿಂದ ಶೆಡ್ಡಿನಲ್ಲಿ ಈಗ ಉರಿಯುವುದು ಎರಡು ಬಲ್ಬು, ಒಂದು ಎಕ್ಸಾಸ್ಟ್ ಫ್ಯಾನು, ಪ್ಯಾಕಿಂಗ್ ಸೀಲರ್ ಅಷ್ಟೇ. ಮನೆಯ ಗೃಹಜ್ಯೋತಿ ಉಳಿಯಿತು.

ಫೆಬ್ರವರಿ ಮೊದಲ ವಾರ ಆರೋಗ್ಯ ನಿರೀಕ್ಷಕರು ಮತ್ತೆ ಬಂದರು. ಟೇಪ್ ಹಿಡಿದು ಶೆಡ್ ಅಳೆದರು, ಹತ್ತಕ್ಕೆ ಹದಿನಾಲ್ಕು ಅಡಿ. ಛೇಂಬರ್ ತೆಗೆಸಿದರು. ಪೈಪಿಗೆ ಮುಂಚೆ ಹಾಕಿಸಿದ್ದ ಜಾಲರಿ ತೊಟ್ಟಿ ನೋಡಿದರು. ನೀರು ಅದರಲ್ಲಿ ನಿಂತು, ಎಣ್ಣೆ ಮೇಲೆ ತೇಲಿ, ಕೆಳಗಿನ ನೀರು ಮಾತ್ರ ಮುಂದೆ ಹೋಗುತ್ತದೆ. ತೇಲಿದ್ದನ್ನು ದಿನಾ ಸಂಜೆ ಅತ್ತಿಗೆ ಸೌಟಿನಲ್ಲಿ ತೆಗೆದು ಕ್ಯಾನಿಗೆ ಹಾಕುತ್ತಾರೆ. ಕರಿದ ಎಣ್ಣೆಗೂ ಅದೇ ಕ್ಯಾನು, ಬಯೋಡೀಸೆಲ್‌ಗೆ ಅಂತ ಕೊಂಡುಹೋಗುವವರು ಬರುತ್ತಾರೆ. "ಎಷ್ಟು ಜನ ಕೆಲಸ ಮಾಡ್ತೀರಿ ಮೇಡಂ?" ಅಂತ ಕೇಳಿದರು. ತಾನು, ಇನ್ನೊಬ್ಬರು ಅಂದರು ಅತ್ತಿಗೆ. "ಇಷ್ಟಕ್ಕೆ ಇಲ್ಲಿ ತೊಂದರೆ ಇಲ್ಲ. ಇದಕ್ಕಿಂತ ಬೆಳೆದರೆ ಬೇರೆ ಜಾಗ ನೋಡಿಕೊಳ್ಳಿ" ಅಂದರು. ಮಾತು ನ್ಯಾಯವಾಗಿತ್ತು. ವಾಸದ ವಲಯದಲ್ಲಿ ಮನೆಯೊಳಗಿನ ಸಣ್ಣ ಉದ್ದಿಮೆಗೆ ನಮ್ಮ ಊರಿನ ಮಾಸ್ಟರ್ ಪ್ಲಾನ್ ಜಾಗ ಬಿಟ್ಟಿದೆ, ಆದರೆ ಅಳತೆಗೂ ಮೋಟಾರಿನ ಎಚ್‌ಪಿಗೂ ಮಿತಿ ಹಾಕಿದೆ. ಮಷೀನ್ ಇಟ್ಟುಕೊಂಡೇ ಅರ್ಜಿ ಹಾಕಿದ್ದರೆ ವಾದ ಮಾಡುತ್ತಾ ಕೂರಬೇಕಿತ್ತು.

ಕೊನೆಗೆ ಅಕ್ಕಪಕ್ಕದವರ ಒಪ್ಪಿಗೆ ಇದ್ದರೆ ಕೊಡಿ ಅಂತ ಗುಮಾಸ್ತರು ಕೇಳಿದರು. ನಾಲ್ಕು ಮನೆಯವರು ಸಹಿ ಹಾಕಿಕೊಟ್ಟರು. ಮೊದಲ ಸಹಿ ಮೇಷ್ಟ್ರದು. ಅದರ ಕೆಳಗೆ ಅವರೇ ಪೆನ್ನಿನಲ್ಲಿ "ಮೆಣಸಿನಕಾಯಿ ಹುರಿಯತಕ್ಕದ್ದಲ್ಲ" ಅಂತ ಸೇರಿಸಿದರು. ಅದು ಫೈಲಿನಲ್ಲಿ ಹಾಗೇ ಇದೆ, ಇರಬೇಕಾದದ್ದೇ.

ಫೆಬ್ರವರಿ 19ಕ್ಕೆ ಪರವಾನಗಿ ಕೈಗೆ ಬಂತು. ಶುಲ್ಕ 1,200. ಊರಿಂದ ಊರಿಗೆ, ಉದ್ದಿಮೆಯಿಂದ ಉದ್ದಿಮೆಗೆ ಇದು ಬೇರೆ ಬೇರೆ ಇರುತ್ತದೆ. ತೆರೆದು ನೋಡಿದರೆ ಅವಧಿ ಮಾರ್ಚ್ 31ರವರೆಗೆ. ಪರವಾನಗಿ ನಡೆಯುವುದು ಆರ್ಥಿಕ ವರ್ಷದ ಲೆಕ್ಕದಲ್ಲಿ, ನೀವು ಯಾವ ತಿಂಗಳು ತಗೊಂಡರೂ ಅಷ್ಟೇ. ಆರು ವಾರದಲ್ಲಿ ಮತ್ತೆ ನವೀಕರಣ. ಅತ್ತಿಗೆಗೆ ಬೇಜಾರಾಯಿತು. ನಿಮ್ಮದು ಅವಸರದ ವಿಷಯ ಅಲ್ಲದಿದ್ದರೆ ಏಪ್ರಿಲ್‌ನಲ್ಲಿ ಹೊಸ ಅರ್ಜಿ ಹಾಕುವುದು ಲಾಭ, ನೋಟಿಸ್ ಬಂದಿದ್ದರೆ ಮಾತ್ರ ಕಾಯಬೇಡಿ.

ಸಾರಿನ ಪುಡಿ ನಿಲ್ಲಲಿಲ್ಲ. ಪೇಟೆಯ ಹಿಟ್ಟಿನ ಗಿರಣಿಯವರಲ್ಲಿ ಮೆಣಸಿನಕಾಯಿ ಹುರಿದು ಪುಡಿ ಮಾಡಿಸಲು ಕೆಜಿಗೆ ಇಷ್ಟು ಅಂತ ಮಾತಾಗಿದೆ. ಮಂಗಳವಾರ ಅತ್ತಿಗೆ ಅಲ್ಲಿಗೇ ಹೋಗಿ ನಿಂತು ಮಾಡಿಸಿಕೊಂಡು ಬರುತ್ತಾರೆ. ಹದ ತಪ್ಪಬಾರದು ಅಂತ. ಮನೆಯಲ್ಲಿ ಹುರಿಯುವುದು ಧನಿಯ, ಜೀರಿಗೆ, ಮೆಂತ್ಯ ಮಾತ್ರ.

ಈಗ ಆರ್ಡರ್ ಮತ್ತೆ ಏರಿದೆ. ಮೂರನೆಯವರನ್ನು ಕೆಲಸಕ್ಕೆ ಸೇರಿಸಬೇಕು ಅನ್ನುತ್ತಿದ್ದಾರೆ. ಎಪಿಎಂಸಿ ಯಾರ್ಡ್ ಹತ್ತಿರ ಒಂದು ಮಳಿಗೆ ನೋಡಿಕೊಂಡು ಬಂದರು, ಬಾಡಿಗೆ ಏಳು ಸಾವಿರ, ಅಡ್ವಾನ್ಸ್ ಐವತ್ತು ಸಾವಿರ. ಸಣ್ಣ ಆಹಾರ ಉದ್ದಿಮೆಗೆ ಪಿಎಂಎಫ್‌ಎಂಇ ಯೋಜನೆಯಲ್ಲಿ ಕೇಂದ್ರದ ಶೇ 35 ಸಬ್ಸಿಡಿ ಜೊತೆ ನಮ್ಮ ರಾಜ್ಯ ಶೇ 15 ಸೇರಿಸುತ್ತಿತ್ತು, ಈಗಲೂ ಇದೆಯಾ ಅಂತ ವಿಚಾರಿಸಬೇಕು. ಇದ್ದರೆ ಅದಕ್ಕೆ ಯೋಜನಾ ವರದಿ ಬರೆಸಬೇಕು. ಮೊನ್ನೆ ಫೋನ್‌ನಲ್ಲಿ ಅವರು ಮೊದಲು ಕೇಳಿದ್ದೇ ಇದು: "ಆ ಮಳಿಗೆ ಖಾತೆ ಯಾರ ಹೆಸರಲ್ಲಿದೆ, ಅದನ್ನ ಹೇಗೆ ನೋಡೋದು ಹೇಳು."